ಹೊಟ್ಟೆ ಮೇಲಿನ ಗೆರೆ, ಚಳ್ಳಕೆರೆಯ ಎಣ್ಣೆ ಮತ್ತು ಒಂದು ಟ್ಯೂಬು

ಅಕ್ಕ ಬಾಣಂತನಕ್ಕೆ ಅಂತ ಚಳ್ಳಕೆರೆಗೆ ಬಂದಿದ್ದಾಗಿನ ಮಾತು. ಶುಕ್ರವಾರ ಆಫೀಸು ಮುಗಿಸಿ ರಾತ್ರಿ ಬಸ್ಸು ಹತ್ತಿ ಬೆಳಗಾಗೋದ್ರೊಳಗೆ ಮನೆ ಸೇರಿದ್ದೆ. ಬಚ್ಚಲುಮನೆಯಲ್ಲಿ ಆಗಲೇ ಹಂಡೆ ನೀರು ಕುದೀತಾ ಇತ್ತು. ಮೊಳಕಾಲ್ಮೂರಿಂದ ಬಂದಿದ್ದ ನಮ್ಮಜ್ಜಿ ಅಕ್ಕನ್ನ ಕೂರಿಸಿಕೊಂಡು ಬೆನ್ನಿಗೆ, ಸೊಂಟಕ್ಕೆ, ಹೊಟ್ಟೆಗೆ ಹರಳೆಣ್ಣೆ ತಿಕ್ಕುತ್ತಾ ಇದ್ರು. ನಾನು ಹೊಸ್ತಿಲಲ್ಲಿ ನಿಂತಿದ್ದನ್ನ ನೋಡಿ ಅಕ್ಕ ಗಬಕ್ಕನೆ ಟವೆಲ್ ಎಳ್ಕೊಂಡು ಹೊಟ್ಟೆ ಮುಚ್ಕೊಂಡಳು. ಚಿಕ್ಕಂದಿನಿಂದ ಒಂದೇ ಬಚ್ಚಲಲ್ಲಿ ನೀರು ಎರಚಾಡಿಕೊಂಡು ಬೆಳೆದವರು ನಾವು. ನನ್ನೆದುರಿಗೆ ಅವಳು ಹಾಗೆ ನಾಚಿಕೊಂಡಿದ್ದು ಅದೇ ಮೊದಲು.

ಮಧ್ಯಾಹ್ನ ಮಗು ಮಲಗಿದ ಮೇಲೆ ಅವಳೇ ತೋರಿಸಿದಳು. ಹೊಕ್ಕುಳದ ಸುತ್ತ, ಕೆಳಗೆ, ತೊಡೆ ಸಂದಿಯವರೆಗೂ ನೇರಳೆ ಬಣ್ಣದ ಗೆರೆಗಳು. "ಇದು ಹೋಗುತ್ತೇನೇ?" ಅಂದಳು. ಅಜ್ಜಿ ಪಕ್ಕದಲ್ಲೇ ಎಲೆ ಅಡಿಕೆ ಹಾಕ್ತಾ ಕೂತಿದ್ದವರು, "ಎಣ್ಣೆ ಹಚ್ಚಿದ್ರೆ ಎಲ್ಲಾ ಹೋಗ್ತೈತೆ ಕಣವ್ವಾ, ನಮ್ ಕಾಲ್ದಾಗೆ ಇದ್ನೆಲ್ಲಾ ಯಾರು ನೋಡ್ತಿದ್ರು?" ಅಂದ್ರು. ನೀನು ಹಡೆದಾಗ ಬಂದಿದ್ದ ಗೆರೆ ಹೋಯ್ತಾ ಅಜ್ಜಿ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆ ಹೇಳಿ ಮೊಳಕಾಲ್ಮೂರಿನವರನ್ನ ರೇಗಿಸೋದು ನಮ್ಮನೆಯಲ್ಲಿ ಹಳೇ ಜೋಕು :)

ಜೋಕು ಅಲ್ಲಿಗೇ ನಿಂತಿತು. ಅಕ್ಕ ದಿಂಬಿನ ಕೆಳಗಿಂದ ಒಂದು ಟ್ಯೂಬು ತೆಗೆದಳು. ಔಷಧಿ ಅಂಗಡಿಯಲ್ಲಿ "ಚರ್ಮದ ಕಲೆಗೆ ಒಳ್ಳೇದು" ಅಂತ ಕೊಟ್ಟಿದ್ದಂತೆ, ಚೀಟಿ ಗೀಟಿ ಏನೂ ಕೇಳಿರಲಿಲ್ಲ. ಹನ್ನೆರಡು ದಿನದಿಂದ ಅಜ್ಜಿಗೆ ಗೊತ್ತಾಗದ ಹಾಗೆ ದಿನಕ್ಕೆ ಎರಡು ಸಲ ಹಚ್ಚಿಕೊಳ್ತಾ ಇದ್ದಳು. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಕ್ಲೋಬೆಟಾಸಾಲ್ ಅಂತಿತ್ತು. ಆ ಹೆಸರು ಏನು ಅಂತ ಹುಡುಕಲು ಹೋಗಿ ನಾನು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿಬಂದೆ. ಟ್ಯೂಬಿನ ವಿಷಯ ಕೊನೆಯಲ್ಲಿ ಹೇಳ್ತೀನಿ, ಮೊದಲು ಅಜ್ಜಿಯ ಮಾತು.

*

"ನಮ್ ಕಾಲ್ದಾಗೆ ಇದ್ನೆಲ್ಲಾ ಯಾರು ನೋಡ್ತಿದ್ರು" ಅನ್ನೋದನ್ನ ನಾವೆಲ್ಲಾ ನಂಬಿಬಿಟ್ಟಿದ್ದೀವಿ. ಸ್ಟ್ರೆಚ್ ಮಾರ್ಕ್ಸ್ ಅನ್ನೋದು ಟೀವಿ ಜಾಹೀರಾತಿನವರು ಹುಟ್ಟಿಸಿದ ಚಿಂತೆ, ಹಿಂದಿನ ಹೆಂಗಸರಿಗೆ ಅದರ ಗೊಡವೆಯೇ ಇರಲಿಲ್ಲ ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. ಅದು ತಪ್ಪು.

ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ಬಸುರಿಯನ್ನು ತಿಂಗಳು ತಿಂಗಳಿಗೆ ಹೇಗೆ ನೋಡಿಕೊಳ್ಳಬೇಕು ಅಂತ ಹೇಳುವ ಎಂಟನೇ ಅಧ್ಯಾಯದಲ್ಲಿ ಈ ವಿಷಯ ಬರುತ್ತೆ. ಏಳನೇ ತಿಂಗಳಲ್ಲಿ ಬಸುರಿಗೆ ಮೈ ಉರಿಯುತ್ತೆ. ಅದಕ್ಕೆ ಕಾರಣ ಹೊಟ್ಟೆಯೊಳಗಿನ ಮಗುವಿಗೆ ಕೂದಲು ಹುಟ್ಟುವುದು ಅಂತ ಹೆಂಗಸರು ಹೇಳ್ತಾರೆ ಅಂತ ಮೊದಲು ದಾಖಲಿಸುತ್ತೆ. ಆಮೇಲೆ ಆತ್ರೇಯರು, ಹಾಗಲ್ಲ, ಗರ್ಭ ಒಳಗಿಂದ ಒತ್ತುವುದರಿಂದ ದೋಷಗಳು ಎದೆಗೇರಿ ಉರಿ ಬರುತ್ತೆ, ಉರಿಯಿಂದ ತುರಿಕೆ, ತುರಿಕೆಯಿಂದ "ಕಿಕ್ಕಿಸ" ಅಂತ ತಿದ್ದುತ್ತಾರೆ. ಕಿಕ್ಕಿಸ ಅನ್ನೋದನ್ನ ಇವತ್ತಿನ ಆಯುರ್ವೇದದವರು ಸ್ಟ್ರೆಚ್ ಮಾರ್ಕ್ಸ್ ಅಂತಲೇ ಅರ್ಥ ಮಾಡ್ತಾರೆ. ವಾಗ್ಭಟನ ಅಷ್ಟಾಂಗಹೃದಯದಲ್ಲೂ ಇದೇ ಹೆಸರು, ಇದೇ ತುರಿಕೆ.

ಮದ್ದಿನ ಪಟ್ಟಿಯಂತೂ ಉದ್ದ ಇದೆ. ಬೋರೆಹಣ್ಣಿನ ಕಷಾಯದ ಜೊತೆ ಸಿಹಿ ಮೂಲಿಕೆಗಳಲ್ಲಿ ಸಿದ್ಧ ಮಾಡಿದ ಬೆಣ್ಣೆ ತಿನ್ನಬೇಕು. ಗಂಧ ಮತ್ತು ತಾವರೆ ದಂಟು ಅರೆದು ಹೊಟ್ಟೆಗೆ, ಎದೆಗೆ ಹಚ್ಚಬೇಕು. ಅದಿಲ್ಲದಿದ್ದರೆ ಸಾಸಿವೆ, ಜ್ಯೇಷ್ಠಮಧು ಸೇರಿದ ಪುಡಿ. ಅದೂ ಇಲ್ಲದಿದ್ದರೆ ಬೇವು, ಬೋರೆ, ತುಳಸಿ, ಮಂಜಿಷ್ಠ ಅರೆದ ಮುದ್ದೆ. ಜಿಂಕೆ, ಮೊಲದ ರಕ್ತದಲ್ಲಿ ತ್ರಿಫಲ ಕಲೆಸಿ ಹಚ್ಚುವುದೂ ಒಂದು. ಕಣಗಿಲೆ ಎಲೆ ಹಾಕಿ ಕಾಯಿಸಿದ ಎಣ್ಣೆ ಇನ್ನೊಂದು. (ಕಣಗಿಲೆ ವಿಷದ ಗಿಡ. ಹಳೇ ಪುಸ್ತಕದಲ್ಲಿದೆ ಅಂತ ಯಾರೂ ಮನೆಯಲ್ಲಿ ಕಾಯಿಸೋಕೆ ಹೋಗ್ಬೇಡಿ.)

ಈ ಪಟ್ಟಿಗಿಂತ ನನ್ನ ಗಮನ ಸೆಳೆದದ್ದು ಆಮೇಲಿನ ಮಾತು. ತುರಿಕೆ ಬಂದರೆ ಕೆರೆಯಬಾರದು, ಕೆರೆದರೆ ಚರ್ಮ ಒಡೆದು ವಿರೂಪವಾಗುತ್ತೆ, ತಡೆಯೋಕೇ ಆಗದಿದ್ದರೆ ತಿಕ್ಕಿ, ನೀವಿ ಅನ್ನುತ್ತೆ. "ವೈರೂಪ್ಯ" ಅನ್ನೋ ಪದವೇ ಅಲ್ಲಿದೆ. ಅಂದ್ರೆ ಕಾಣೋ ಚೆಂದದ ಚಿಂತೆ ಆಗಲೇ ಇತ್ತು. ಒಂದು ಕಾಯಿಲೆಗೆ ಇಷ್ಟೊಂದು ಮದ್ದಿದೆ ಅಂದ್ರೆ ಏನರ್ಥ ಅಂತ ನಮ್ಮ ಕೆಲಸದವರಿಗೆ ಚೆನ್ನಾಗಿ ಗೊತ್ತು. ಒಂದೇ ಬಗ್ಗಿಗೆ ಎಂಟು ಪ್ಯಾಚ್ ಇದ್ದರೆ ಯಾವುದೂ ಸರಿಯಾಗಿ ಕೆಲಸ ಮಾಡಿಲ್ಲ ಅಂತಲೇ ಲೆಕ್ಕ!

ಇದು ನಮ್ಮಲ್ಲಿ ಮಾತ್ರ ಅಲ್ಲ. ಕ್ರಿಸ್ತಶಕ ಎರಡನೇ ಶತಮಾನದ ಗ್ರೀಕ್ ವೈದ್ಯ, ಎಫೆಸಸ್‌ನ ಸೊರಾನಸ್, ಹೆಂಗಸರ ರೋಗಗಳ ಬಗ್ಗೆ ಬರೆದ ಪುಸ್ತಕದಲ್ಲೂ ಇಂಥದ್ದೇ ಸಲಹೆ ಇದೆ. ಹೊಟ್ಟೆ ದೊಡ್ಡದಾದಾಗ ಎಳೆ ಆಲಿವ್ ಕಾಯಿಯ ಎಣ್ಣೆ ಸೇರಿದ ಮೇಣದ ಮುಲಾಮು ಹಚ್ಚಿದರೆ ಚರ್ಮ ಒಡೆಯಲ್ಲ, ಸುಕ್ಕಾಗಲ್ಲ ಅಂತ. ಅಲ್ಲಿ ಆಲಿವ್, ಇಲ್ಲಿ ಬೆಣ್ಣೆ. ಯಾವ ಊರಲ್ಲಿ ಯಾವ ಜಿಡ್ಡು ಸಿಗುತ್ತೋ ಅದೇ ಆ ಊರಿನ ಮದ್ದು.

*

ಹಾಗಾದ್ರೆ ನಮ್ಮೂರ ಕಡೆ ಯಾವ ಜಿಡ್ಡು ಇತ್ತು?

ಅಜ್ಜಿಯ ತಾಲ್ಲೂಕಿನಿಂದಲೇ ಶುರು ಮಾಡೋಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಶಾಲೆಯಲ್ಲಿದ್ದಾಗ ಬ್ರಹ್ಮಗಿರಿಗೆ ಪಿಕ್ನಿಕ್ ಹೋಗಿ ಬಂಡೆ ಹತ್ತಿ ಬುತ್ತಿ ತಿಂದು ಬಂದಿದ್ದೆವು, ಅದರಲ್ಲಿ ಏನು ಬರೆದಿದೆ ಅಂತ ಯಾರೂ ಹೇಳಿರಲಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಶುರುವಾಗೋದೇ ಅವರ ಆರೋಗ್ಯ ವಿಚಾರಿಸುವುದರಿಂದ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಕಲ್ಲಿನ ಮೇಲೆ ಕೊರೆದ "ಹುಷಾರಾಗಿದ್ದೀರಾ?" ನಮ್ಮ ಸೀಮೆಯಲ್ಲಿ ಓದೋಕೆ ಸಿಗುವ ಅತಿ ಹಳೆಯ ಬರಹದ ಮೊದಲಲ್ಲೇ ಆರೋಗ್ಯ ಇದೆ ಅನ್ನೋದು ನನಗೆ ತುಂಬಾ ಇಷ್ಟವಾಯ್ತು. ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಅಶೋಕನ ದೊಡ್ಡ ಶಾಸನಗಳಲ್ಲಿ ಇನ್ನೂ ಮುಂದೆ ಹೋಗಿ, ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಟು, ಔಷಧಿ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದ್ದು, ಎಲ್ಲಾ ಇದೆ.

ಆದರೆ ಬಾಣಂತಿ ಹೊಟ್ಟೆಗೆ ಏನು ಹಚ್ತಿದ್ರು ಅಂತ ಯಾವ ರಾಜನೂ ಕಲ್ಲಲ್ಲಿ ಬರೆಸಲಿಲ್ಲ. ಅದನ್ನ ಬೆಳೆ ನೋಡಿ ಊಹಿಸಬೇಕು. ಮಳೆ ಕಮ್ಮಿ ಇರುವ ನಮ್ಮ ನೆಲಕ್ಕೆ ಒಗ್ಗುವುದು ಹರಳು, ಎಳ್ಳು, ಹುಚ್ಚೆಳ್ಳು, ಕುಸುಬೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಪುಸ್ತಕದಲ್ಲಿ ಹರಳಿನ ಬಗ್ಗೆ, ಅದರ ಎಣ್ಣೆ ಬಗ್ಗೆ ಬರೆದಿದ್ದಾನೆ. ಅಜ್ಜಿ ಹರಳೆಣ್ಣೆ ಮಾಡೋದು ಹೀಗೆ: ಬೀಜ ಹುರಿದು, ಕುಟ್ಟಿ, ನೀರಲ್ಲಿ ಹಾಕಿ ಗಂಟೆಗಟ್ಟಲೆ ಕುದಿಸೋದು, ಮೇಲೆ ತೇಲಿದ್ದನ್ನ ಸೌಟಲ್ಲಿ ತೆಗೆದು ಮತ್ತೆ ಕಾಯಿಸಿ ನೀರಿನಂಶ ಆರಿಸೋದು. ಗಾಣವೂ ಬೇಡ, ಗಿರಣಿಯೂ ಬೇಡ. ಅದಕ್ಕೇ ಇದು ಹೆಂಗಸರ ಕೈಯಲ್ಲೇ ಉಳಿದ ಎಣ್ಣೆ.

ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ತಂದದ್ದು ಮಾತ್ರ ಬೇರೆ ಬೆಳೆ, ಶೇಂಗಾ. ಅದು ದಕ್ಷಿಣ ಅಮೆರಿಕದಿಂದ ಬಂದದ್ದು, ನಮ್ಮ ಹೊಲಗಳಿಗೆ ವ್ಯಾಪಾರದ ಬೆಳೆಯಾಗಿ ಬಂದದ್ದು ತೀರಾ ಈಚೆಗೆ. ಎಣ್ಣೆ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ಚಳ್ಳಕೆರೆಯೇ ಅಂತ ನಮ್ಮೂರಿನ ಹಿರಿಯರು ಇವತ್ತಿಗೂ ಎದೆ ಉಬ್ಬಿಸಿ ಹೇಳ್ತಾರೆ. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆಗೆದ ಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಷ್ಟೆಲ್ಲಾ ಎಣ್ಣೆ ಹರಿದ ಊರಲ್ಲೂ ಬಾಣಂತಿಗೆ ಮಾತ್ರ ಶೇಂಗಾ ಎಣ್ಣೆ ಅಲ್ಲ, ಹರಳೆಣ್ಣೆಯೇ. ಒಗ್ಗರಣೆಗೆ ಬಂದ ಹೊಸ ಎಣ್ಣೆ ಬಚ್ಚಲಿಗೆ ಬರಲಿಲ್ಲ.

*

ಎಣ್ಣೆ ಇದ್ದರೆ ಸಾಲದು, ಹಚ್ಚೋ ಕೈ ಬೇಕಲ್ಲ. ಚಳ್ಳಕೆರೆಗೆ ಅಂಟಿಕೊಂಡಿರುವ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿರ್ತೀರಿ. ಓದು ಬರಹ ಇಲ್ಲದೆ, ಅಜ್ಜಿಯಿಂದ ಕಲಿತು, ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು. ನಮ್ಮ ಕಡೆ ಆಗ ಅಂಥ ಕೈಗಳೇ ಆಸ್ಪತ್ರೆಯಾಗಿದ್ದವು.

ಹಾಗಂತ ಹಿಂದಿನದ್ದೆಲ್ಲಾ ಚಿನ್ನ ಅನ್ನೋಕೆ ನನಗೆ ಮನಸ್ಸು ಬರಲ್ಲ. ಇದೇ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನ, ಬಾಣಂತಿಯರನ್ನ ಹಟ್ಟಿಯಾಚೆ ಇಡೋ ಪದ್ಧತಿ ಇತ್ತು, ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹಾಗೆ ಗುಡಿಸಲಲ್ಲಿಟ್ಟಿದ್ದ ಬಾಣಂತಿಯ ಎಳೆಗೂಸು ಮಳೆ ಚಳಿಗೆ ತೀರಿಹೋಯ್ತು. ಒಂದು ಬಚ್ಚಲಲ್ಲಿ ಬಿಸಿನೀರು, ಎಣ್ಣೆ, ಅಜ್ಜಿಯ ಕೈ. ಸ್ವಲ್ಪ ದೂರದ ಇನ್ನೊಂದು ಕಡೆ ಹತ್ತಿರ ಬಂದು ಮುಟ್ಟುವವರೇ ಇಲ್ಲ. ಎರಡೂ ನಮ್ಮ "ಹಿಂದಿನ ಕಾಲ"ವೇ.

*

ಇಷ್ಟು ವರ್ಷ ಎಲ್ಲರೂ ಚರ್ಮದ ಮೇಲೆ ಹಚ್ತಾ ಇದ್ರು, ಒಳಗೆ ಏನಾಗಿದೆ ಅಂತ ಯಾರೂ ನೋಡಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಈ ಗೆರೆಗಳು ಹೇಗೆ ಕಾಣುತ್ತವೆ ಅಂತ ಫ್ರಾನ್ಸಿನ ತ್ರೊಯ್ಸಿಯೆ ಮತ್ತು ಮೆನೆತ್ರಿಯೆ ಬರೆದದ್ದು 1889ರಲ್ಲಿ.

ಅದನ್ನ ಅಕ್ಕನಿಗೆ ಹೇಳೋಕೆ ನನಗೆ ಮೊಳಕಾಲ್ಮೂರಿನ ಮಗ್ಗವೇ ಸಹಾಯಕ್ಕೆ ಬಂತು. ನಮ್ಮ ಚರ್ಮದ ಮೇಲ್ಪದರದ ಕೆಳಗೆ ಇನ್ನೊಂದು ದಪ್ಪ ಪದರ ಇದೆ. ಅದರಲ್ಲಿ ಕಾಲಜನ್ ಅನ್ನೋ ಗಟ್ಟಿ ಎಳೆಗಳೂ, ಎಲಾಸ್ಟಿನ್ ಅನ್ನೋ ರಬ್ಬರಿನಂಥ ಎಳೆಗಳೂ ಹೆಣೆದುಕೊಂಡಿರುತ್ತವೆ. ಬಸುರಿನಲ್ಲಿ ಹಾರ್ಮೋನುಗಳು ಈ ಹೆಣಿಗೆಯನ್ನ ಸಡಿಲ ಮಾಡುತ್ತವೆ, ಅದೇ ಹೊತ್ತಿಗೆ ಹೊಟ್ಟೆ ಹಿಗ್ಗುತ್ತೆ. ರೇಷ್ಮೆ ಸೀರೆಯನ್ನ ಎರಡೂ ಕಡೆಯಿಂದ ಜಗ್ಗಿದರೆ ಹರಿಯದೇ ಇದ್ದರೂ ಎಳೆ ಜರುಗಿ ಗೆರೆ ಬೀಳುತ್ತಲ್ಲ, ಹಾಗೆ. ಹೊಸದರಲ್ಲಿ ಗೆರೆ ಕೆಂಪಗೋ ನೇರಳೆಯಾಗೋ ಇರುತ್ತೆ. ತಿಂಗಳುಗಳು, ವರ್ಷ ಕಳೆದಂತೆ ಬೆಳ್ಳಗಾಗಿ ಮಾಸುತ್ತೆ. ಇದು ತಾನಾಗೇ ಆಗೋದು. ಆ ಹೊತ್ತಲ್ಲಿ ಯಾರು ಏನು ಹಚ್ಚಿರ್ತಾರೋ ಅದಕ್ಕೆ ಹೆಸರು ಬರುತ್ತೆ! ಅಜ್ಜಿಯ ಎಣ್ಣೆಗೂ, ಜಾಹೀರಾತಿನ ಕ್ರೀಮಿಗೂ ಹೆಸರು ಬಂದಿರೋದು ಹೀಗೇ.

ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಈ ಗೆರೆ ಬರುತ್ತೆ. ಅಮ್ಮನಿಗೆ ಬಂದಿದ್ದರೆ ಮಗಳಿಗೆ ಬರೋ ಸಾಧ್ಯತೆ ಹೆಚ್ಚು. ಎಲಾಸ್ಟಿನ್ ಜೀನಿನ ಹತ್ತಿರದ ವ್ಯತ್ಯಾಸಕ್ಕೂ ಇದಕ್ಕೂ ನಂಟಿದೆ ಅಂತ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. "ನೀನು ಸರಿಯಾಗಿ ಎಣ್ಣೆ ಹಚ್ಕೊಂಡಿಲ್ಲ, ಅದಕ್ಕೇ ಬಂತು" ಅಂತ ಬಸುರಿಯನ್ನ ಬೈಯೋದರಲ್ಲಿ ಅರ್ಥವಿಲ್ಲ.

ಮದ್ದುಗಳನ್ನ ತೂಗಿ ನೋಡೋ ಕೆಲಸ ಶುರುವಾದದ್ದು ಇನ್ನೂ ಈಚೆಗೆ. ಕೊಕೊ ಬೆಣ್ಣೆಯ ಕ್ರೀಮನ್ನ 2008ರಲ್ಲಿ ಲೆಬನಾನ್ ಬಸುರಿಯರ ಮೇಲೆ, 2010ರಲ್ಲಿ ಜಮೈಕಾದ 300 ಬಸುರಿಯರ ಮೇಲೆ ಪರೀಕ್ಷೆ ಮಾಡಿದ ವರದಿಗಳು ಬಂದವು. ಅರ್ಧ ಜನಕ್ಕೆ ನಿಜವಾದ ಕ್ರೀಮು, ಇನ್ನರ್ಧಕ್ಕೆ ಬರೀ ಡಮ್ಮಿ. ಎರಡೂ ಗುಂಪಿಗೆ ಗೆರೆ ಒಂದೇ ಥರ ಬಂತು. 2012ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ ಆರು ಪರೀಕ್ಷೆ, 800 ಹೆಂಗಸರ ಲೆಕ್ಕ ಒಟ್ಟುಗೂಡಿಸಿ ನೋಡಿ, ಯಾವ ಲೇಪವೂ ಗೆರೆ ಬರದಂತೆ ತಡೆಯುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ ಅಂದಿತು. ಅದರಲ್ಲಿ ಸೊರಾನಸ್ ಕಾಲದ ಆಲಿವ್ ಎಣ್ಣೆಯೂ ಇತ್ತು, ನಮ್ಮ ಒಂದೆಲಗದ ಕ್ರೀಮೂ ಇತ್ತು. ಹರಳೆಣ್ಣೆ ಇರಲಿಲ್ಲ, ಅಜ್ಜಿಗೆ ಅದೊಂದು ಸಮಾಧಾನ :)

ಬಂದ ಗೆರೆಯನ್ನ ಕಮ್ಮಿ ಮಾಡೋದರಲ್ಲಿ ಸ್ವಲ್ಪ ಫಲ ಕೊಟ್ಟದ್ದು ಟ್ರೆಟಿನಾಯಿನ್, ಮೊಡವೆಗೆ ಕೊಡುವ ಔಷಧಿ. 1996ರಲ್ಲಿ ಅಮೆರಿಕದ ಮಿಷಿಗನ್‌ನ ವೈದ್ಯರು 22 ಜನರ ಮೇಲೆ 24 ವಾರ ಪರೀಕ್ಷಿಸಿದಾಗ, ಅದನ್ನ ಹಚ್ಚಿದವರ ಹೊಸ ಗೆರೆಗಳ ಉದ್ದ ಸರಾಸರಿ ಶೇಕಡ 14, ಅಗಲ ಶೇಕಡ 8 ಕಮ್ಮಿ ಆಯ್ತು. ಗಮನಿಸಿ, ಕಮ್ಮಿ ಆಯ್ತು, ಮಾಯ ಆಗಲಿಲ್ಲ. ಅದೂ ಕೆಂಪಗಿರುವ ಹೊಸ ಗೆರೆಗೆ. ಬಸುರಿಯರು ಅದನ್ನ ಮುಟ್ಟಲೇಬಾರದು, ಮೊಲೆಹಾಲು ಕೊಡೋವಾಗಲೂ ಡಾಕ್ಟರನ್ನ ಕೇಳದೆ ಹಚ್ಚಬಾರದು. ಆಮೇಲೆ ಲೇಸರ್‌ಗಳು ಬಂದವು, ಸಣ್ಣ ಸೂಜಿ ಚುಚ್ಚಿ ಕಾಲಜನ್ ಬೆಳೆಸುವ ವಿಧಾನ ಬಂತು. ಹಲವು ಸಲ ಮಾಡಿಸಬೇಕು, ಗೆರೆ ಮಾಸುತ್ತೆ, ಪೂರ್ತಿ ಹೋಗಲ್ಲ. ನಮ್ಮಂಥ ಕಂದು ಮೈಬಣ್ಣದವರಿಗೆ ಲೇಸರ್ ಬಿದ್ದ ಜಾಗ ಕಪ್ಪಾಗೋ ಅಪಾಯ ಬೇರೆ. ಅಕ್ಕ ಬೆಂಗಳೂರಿನ ಒಂದು ಕ್ಲಿನಿಕ್ಕಿಂದ ಪ್ಯಾಕೇಜ್ ರೇಟು ತರಿಸಿಕೊಂಡಿದ್ದಳು. ನನ್ನ ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. "ಪೂರ್ತಿ ಹೋಗಲ್ಲ" ಅನ್ನೋ ಮಾತು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ.

*

ಈಗ ಆ ಟ್ಯೂಬು.

1932ರಲ್ಲಿ ಹಾರ್ವೆ ಕುಶಿಂಗ್ ಎಂಬ ಅಮೆರಿಕದ ವೈದ್ಯ ಒಂದು ಕಾಯಿಲೆಯನ್ನ ವಿವರಿಸಿದ. ಮುಖ ಊದಿಕೊಳ್ಳುತ್ತೆ, ಹೊಟ್ಟೆ ದಪ್ಪ ಆಗುತ್ತೆ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು. ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಸ್ಟೆರಾಯ್ಡ್ ಹಾರ್ಮೋನು ಹೆಚ್ಚಾದಾಗ ಹೀಗಾಗುತ್ತೆ. ಚರ್ಮದಲ್ಲಿ ಎಳೆ ಕಟ್ಟುವ ಕಣಗಳ ಕೆಲಸವನ್ನೇ ಅದು ನಿಲ್ಲಿಸಿಬಿಡುತ್ತೆ. (ಬಸುರಿಲ್ಲದೆ, ತೂಕ ಸುಮ್ಮನೆ ಏರಿ ಇಂಥ ಗೆರೆ ಬಂದರೆ ಮುಲಾಮು ಹುಡುಕಬೇಡಿ, ಡಾಕ್ಟರ ಹತ್ತಿರ ಹೋಗಿ.)

ಕ್ಲೋಬೆಟಾಸಾಲ್ ಅಂದ್ರೆ ಅದೇ ಜಾತಿಯ, ಹಚ್ಚುವ ಸ್ಟೆರಾಯ್ಡ್‌ಗಳಲ್ಲೇ ಅತಿ ಪ್ರಬಲವಾದದ್ದು. ಸೋರಿಯಾಸಿಸ್‌ನಂಥ ಕಾಯಿಲೆಗೆ ವೈದ್ಯರು ಲೆಕ್ಕ ಹಾಕಿ ಕೊಟ್ಟರೆ ಒಳ್ಳೆ ಔಷಧಿ. ಸುಮ್ಮನೆ ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಇಲ್ಲದ ಕಡೆಯೂ ಸ್ಟ್ರೆಚ್ ಮಾರ್ಕ್ಸ್ ಹುಟ್ಟಿಸುತ್ತೆ. ತೊಡೆ ಸಂದಿಯಂಥ ಕಡೆ ಇನ್ನೂ ಬೇಗ. ಅಂದ್ರೆ ಅಕ್ಕ ಗೆರೆ ಹೋಗಲಿ ಅಂತ ಗೆರೆ ತರಿಸೋ ಮದ್ದನ್ನೇ ಹಚ್ಚಿಕೊಳ್ತಾ ಇದ್ದಳು! ನಮ್ಮ ದೇಶದಲ್ಲಿ ಇದನ್ನ ಬೆಳ್ಳಗಾಗೋ ಕ್ರೀಮು ಅಂತ, ಗಜಕರ್ಣಕ್ಕೆ ಅಂತ, ಕಲೆಗೆ ಅಂತ ಹಂಚಿ ಹಂಚಿ ಚರ್ಮವೈದ್ಯರು ಬೊಬ್ಬೆ ಹೊಡೆದ ಮೇಲೆ, 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಕ್ರೀಮುಗಳನ್ನ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಆದೇಶ ಹೊರಡಿಸಿತು. ಆದೇಶ ಇದೆ. ಟ್ಯೂಬೂ ಸಿಗುತ್ತೆ.

ಸೋಮವಾರ ರಜೆ ಹಾಕಿ ಅಕ್ಕನ್ನ ಚರ್ಮದ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಹನ್ನೆರಡೇ ದಿನ ಆದ್ದರಿಂದ ನಿಲ್ಲಿಸಿದರೆ ಸಾಕು ಅಂದ್ರು. ಗೆರೆಗೆ ಸದ್ಯ ಏನೂ ಬೇಡ, ಮಗು ಹಾಲು ಬಿಡಲಿ, ಆಮೇಲೂ ಬೇಕು ಅನ್ಸಿದ್ರೆ ಬನ್ನಿ ಅಂದ್ರು. ಎಣ್ಣೆ ಹಚ್ಚಬಹುದಾ ಅಂತ ಕೇಳಿದ್ದಕ್ಕೆ, "ಹಚ್ಚಿ, ಗೆರೆ ಹೋಗಲ್ಲ, ತುರಿಕೆ ಕಮ್ಮಿ ಆಗುತ್ತೆ" ಅಂದ್ರು. ಚರಕಸಂಹಿತೆಯಲ್ಲೂ ಎಲ್ಲಾ ಶುರುವಾಗೋದು ತುರಿಕೆಯಿಂದಲೇ ಅನ್ನೋದು ನೆನಪಾಯ್ತು. ಕೆರೀಬೇಡ, ನೀವು. ಎರಡು ಸಾವಿರ ವರ್ಷದ ಆ ಇಡೀ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಅದೊಂದೇ ಮಾತು.

ವಾಪಸ್ ಬಂದ ಮೇಲೆ ಅಜ್ಜಿಗೆ ಎಲ್ಲಾ ಹೇಳಿದೆ. ಟ್ಯೂಬು, ಕುಶಿಂಗ್, 800 ಹೆಂಗಸರು, ಎಲ್ಲಾ. ಅರ್ಧ ಕೇಳಿಸ್ಕೊಂಡ್ರು. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ, ಸೀರೆ ಸ್ವಲ್ಪ ಕೆಳಗೆ ಸರಿಸಿ ತಮ್ಮ ಹೊಟ್ಟೆ ತೋರಿಸಿದ್ರು. ಬೆಳ್ಳಿ ಎಳೆ ಹಾಗೆ ತೆಳ್ಳಗೆ ಗೆರೆಗಳು. ಏಳು ಹೆತ್ತ ಹೊಟ್ಟೆ. "ನಮ್ಮವ್ವ ಎಷ್ಟು ಎಣ್ಣೆ ತಿಕ್ಕಿದ್ಲು ಗೊತ್ತಾ, ಎಲ್ಲೋಯ್ತು? ಇಲ್ಲೇ ಐತೆ. ಆದ್ರೂ ತಿಕ್ಕಿಸ್ಕೊಂಡ್ರೆ ನಿದ್ದೆ ಬರ್ತಿತ್ತು" ಅಂದ್ರು.

ಅಕ್ಕ ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ನಾನು ಬಚ್ಚಲ ಬಾಗಿಲಿಗೆ ಹೋದಾಗ ಟವೆಲ್ ಎಳ್ಕೊಳ್ಳಲಿಲ್ಲ. "ಏಯ್, ಆ ಚೊಂಬು ಕೊಡೇ" ಅಂದಳು.

ನಿಮ್ಮ ಮನೆಗಳಲ್ಲಿ ಬಾಣಂತಿ ಹೊಟ್ಟೆಗೆ ಏನು ಹಚ್ತಾರೆ? ನಿಮ್ಮಜ್ಜಿಯನ್ನೊಮ್ಮೆ ಕೇಳಿ ನೋಡಿ. ಅವರ ಗೆರೆ ಹೋಯ್ತಾ ಅಂತಲೂ ಕೇಳಿ. ಮನೆಯಲ್ಲಿ ಯಾರ ದಿಂಬಿನ ಕೆಳಗಾದ್ರೂ ಟ್ಯೂಬಿದ್ದರೆ, ಮೊದಲು ಅದರ ಮೇಲಿನ ಸಣ್ಣಕ್ಷರ ಓದಿ.